ಉಪ್ಪು ಕಟ್ಟಿದ ಕಾಲಂ

ವಿಜಯದಶಮಿಯ ಮರುದಿನ ಬೆಳಿಗ್ಗೆ ನವೀನಣ್ಣ ಲ್ಯಾಬಿನ ಮಷಿನ್ನಿನ ಗುಂಡಿ ಒತ್ತಿದ. ಪಂಪು ಟಿಕ್ ಟಿಕ್ ಎನ್ನತೊಡಗಿತು. ಪರದೆಯ ಮೇಲಿನ ಪ್ರೆಶರಿನ ಅಂಕಿ ಯಾವಾಗಲೂ ನೂರಿಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಅಂದು ನಿಲ್ಲಲಿಲ್ಲ. ಇನ್ನೂರಾಯಿತು, ಮುನ್ನೂರಾಯಿತು, ನಾನೂರರ ಹತ್ತಿರ ಹೋದಾಗ ಕೆಂಪು ದೀಪ ಹೊತ್ತಿಕೊಂಡು ಪಂಪು ತಾನಾಗಿಯೇ ನಿಂತಿತು. ಪೂಜೆಗೆ ಇಟ್ಟ ಸೇವಂತಿಗೆ ಅದರ ನೆತ್ತಿಯ ಮೇಲೆ ಹಾಗೆಯೇ ಇತ್ತು.

"ಎಂತ ಆಯ್ತಾ?" ಎಂದು ಬಾಗಿಲಲ್ಲಿ ನಿಂತಿದ್ದ ನಾಗಪತಣ್ಣ ಕೇಳಿದರು.

"ಕಟ್ಟಿಕೊಂಡಿದೆ."

"ಕಟ್ಟಿಕೊಳ್ಳೂಕೆ ಎಂತ ಅದೆ ಅದ್ರಲ್ಲಿ? ಮೊನ್ನೆ ಪೂಜೆ ಮಾಡುವಾಗ ಸರಿ ಇತ್ತಲ್ಲ. ಕುಂಕುಮ ಒಳಗೆ ಹೋಯ್ತಾ?"

ನವೀನಣ್ಣ ಪಂಪಿನ ಸ್ವಿಚ್ಚು ಆರಿಸಿದ. ಅವನ ಕಿವಿ ಕೆಂಪಾಗಿತ್ತು. ನಾನು ತೊಳೆದ ಗಾಜಿನ ಸಾಮಾನುಗಳನ್ನು ಬೋರಲು ಹಾಕುತ್ತಾ ಅವನ ಕೈಯನ್ನೇ ನೋಡುತ್ತಿದ್ದೆ.

ನಮ್ಮ ಸೊಸೈಟಿ ಶಿರಸಿಯಲ್ಲಿ ಹುಲೇಕಲ್ ರಸ್ತೆಗಿದೆ. ಸುತ್ತಲಿನ ಊರುಗಳ ಹೆಂಗಸರು ಕಾಡಿನಿಂದ ತರುವ ಉಪ್ಪಾಗೆ, ಮುರುಗಲಿನಂಥ ಹುಳಿಹಣ್ಣು, ಜೇನುತುಪ್ಪವನ್ನು ಕೊಂಡು ಕಂಪನಿಗಳಿಗೆ ಕಳಿಸುತ್ತದೆ. ಮುಂದೆ ಆಫೀಸು, ಪಕ್ಕದಲ್ಲಿ ಗೋದಾಮು, ಹಿಂದೆ ಈ ಲ್ಯಾಬು. ನಾಗಪತಣ್ಣ ಮ್ಯಾನೇಜರು. ಲ್ಯಾಬು ನೋಡಿಕೊಳ್ಳುವವಳು ರಕ್ಷಿತಕ್ಕ. ಅವಳು ಬಾಣಂತನಕ್ಕೆ ಯಲ್ಲಾಪುರದ ತವರಿಗೆ ಹೋದ ಮೇಲೆ ಅವಳ ಜಾಗಕ್ಕೆ ನಂದೊಳ್ಳಿಯ ನವೀನಣ್ಣ ಬಂದಿದ್ದ. ಕಾಲೇಜು ಮುಗಿಸಿ ಇದೇ ಅವನ ಮೊದಲ ಕೆಲಸ. ನನ್ನದು ತೊಳೆಯುವ, ಸೋಸುವ, ತೂಗುವ ಕೆಲಸ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ರಕ್ಷಿತಕ್ಕ ಒಂದೊಂದಾಗಿ ತೋರಿಸಿಕೊಟ್ಟದ್ದು.

ಕಾಲಂ ಎಂದರೆ ಒಂದು ಗೇಣು ಉದ್ದದ ಉಕ್ಕಿನ ಕೊಳವೆ. ಒಳಗೆ ಮೈದಾಕ್ಕಿಂತ ನುಣ್ಣಗಿನ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಎರಡೂ ತುದಿಗೆ ಪುಡಿ ಹೊರಬರದ ಹಾಗೆ ಜಾಲರಿಯ ಬಿಲ್ಲೆ. ಉಪ್ಪಾಗೆಯ ಸಾರವನ್ನು ಒಂದು ಕಡೆಯಿಂದ ಪಂಪಿನ ನೀರಿನ ಜೊತೆ ಬಿಟ್ಟರೆ, ಅದರಲ್ಲಿರುವ ಹುಳಿಗಳು ಪುಡಿಯ ನಡುವೆ ಒಂದರ ಹಿಂದೆ ಒಂದಾಗಿ ಬೇರೆಯಾಗಿ ಇನ್ನೊಂದು ಕಡೆ ಬರುತ್ತವೆ. ಪ್ರತಿಯೊಂದು ಹುಳಿಗೂ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಅದಕ್ಕೆ ಪೀಕ್ ಎನ್ನುತ್ತಾರೆ. ಕಂಪನಿಗೆ ಬೇಕಾದ ಹುಳಿಯ ಪೀಕ್ ಎಷ್ಟು ದೊಡ್ಡದು ಎಂದು ಅಳೆದರೆ ಮಾಲು ಎಂಥದು ಎಂದು ತಿಳಿಯುತ್ತದೆ. ನಮ್ಮಲ್ಲಿ ಇದ್ದದ್ದು ಇದೊಂದೇ ಕಾಲಂ.

ಮತ್ತು ನನ್ನ ಅವ್ವನ ಮಾಲಿನ ಪರೀಕ್ಷೆ ಆಗಬೇಕಿತ್ತು.

ಉಪ್ಪಾಗೆ ಮಳೆಗಾಲದ ಹಣ್ಣು. ಬಿಸಿಲಿಗೆ ಒಣಗಿಸುವ ಹಾಗಿಲ್ಲ. ಅಟ್ಟಣಿಗೆ ಕಟ್ಟಿ, ಅಡಿಯಲ್ಲಿ ದಪ್ಪ ಸೌದೆಯ ಕುಂಟೆ ಹಾಕಿ ಬೆಂಕಿ ಮಾಡಿ, ಹೊಗೆಯಲ್ಲಿ ಸಿಪ್ಪೆ ಒಣಗಿಸುವುದು ಎಲ್ಲರ ವಾಡಿಕೆ. ಈ ವರ್ಷ ಸೊಸೈಟಿ ನಮ್ಮೂರು ಹೆಗ್ಗರಣೆಯ ಹೆಂಗಸರ ಗುಂಪಿಗೆ ಬಿಸಿಗಾಳಿಯ ಡ್ರೈಯರ್ ಕೊಟ್ಟಿತು. ಹೊಗೆಯಿಲ್ಲ, ಸೌದೆ ಕಾಲು ಭಾಗ ಸಾಕು. ಆದರೆ ಹೊಗೆ ತಾಗದಿದ್ದರೆ ಹುಳಿ ನಿಲ್ಲುವುದಿಲ್ಲ ಎಂದು ಊರಿನ ಗಂಡಸರು ನಕ್ಕರು. ಹೆಂಗಸರೂ ಹಿಂದೇಟು ಹಾಕಿದರು. ಗುಂಪಿನ ಮುಖ್ಯಸ್ಥೆ ನನ್ನವ್ವ ದ್ಯಾವಮ್ಮ ಮನೆಮನೆಗೆ ಹೋಗಿ, "ಒಂದು ವರ್ಷ ನನ್ನ ಮಾತು ಕೇಳಿ. ಮಷಿನ್ನಲ್ಲಿ ಕಮ್ಮಿ ಬಂದ್ರೆ ಡ್ರೈಯರನ್ನ ನಾನೇ ಹೊತ್ಕಂಡು ಹೋಗಿ ಹೊಳಿಗೆ ಹಾಕ್ತೆ" ಎಂದು ಹೇಳಿ ಒಪ್ಪಿಸಿದ್ದಳು.

ಕೊಳ್ಳುವವನು ಬನವಾಸಿ ಕಡೆಯ ಮಧುಕೇಶ್ವರ. ಶನಿವಾರ ಲಾರಿ ತಂದು ಎಲ್ಲವನ್ನೂ ಕೇರಳಕ್ಕೆ ಒಯ್ಯುವವನಿದ್ದ. ರಿಪೋರ್ಟು ಇದ್ದರೆ ಡ್ರೈಯರಿನ ಮಾಲನ್ನು ಬೇರೆ ಲಾಟು ಮಾಡುತ್ತೇನೆ, ಇಲ್ಲದಿದ್ದರೆ ಹೊಗೆಯ ಮಾಲಿನ ಜೊತೆ ಸುರಿದುಬಿಡುತ್ತೇನೆ ಎಂದು ಮೊದಲೇ ಹೇಳಿದ್ದ. ಸುರಿದುಬಿಟ್ಟರೆ ಯಾವುದು ಎಂಥದೆಂದು ಯಾರಿಗೂ ಗೊತ್ತಾಗುವುದಿಲ್ಲ. ಬರುವ ಮಳೆಗಾಲಕ್ಕೆ ಹೆಂಗಸರೆಲ್ಲ ಮತ್ತೆ ಹೊಗೆಯ ಮುಂದೆ ಕೂರುತ್ತಾರೆ. ಅವ್ವನ ಮಾತನ್ನು ಆಮೇಲೆ ಯಾರೂ ಕೇಳುವುದಿಲ್ಲ.

ಅಂದು ಶುಕ್ರವಾರ.

ನವೀನಣ್ಣ ಕಾಲಂ ಬಿಚ್ಚಿ ಬರೇ ಪಂಪು ಓಡಿಸಿದ. ಅಂಕಿ ಕೂಡಲೇ ಇಳಿಯಿತು. ಕಟ್ಟಿಕೊಂಡದ್ದು ಕಾಲಂ ಎಂಬುದು ಖಾತ್ರಿಯಾಯಿತು. ಅವನು ಸ್ಟೂಲಿನ ಮೇಲೆ ಕೂತು ಹಣೆ ಉಜ್ಜಿಕೊಂಡ.

"ನಾನೇ ಮಾಡಿದ್ದು. ಪೂಜೆಗೆ ಮಷಿನ್ ಚೊಕ್ಕ ಇರ್ಲಿ ಅಂತ ಹೊರಡೋ ಗಡಿಬಿಡಿಯಲ್ಲಿ ಮೆಥನಾಲ್ ಬಿಟ್ಟು ತೊಳೆದೆ. ನಡುವೆ ನೀರು ಬಿಡಲಿಲ್ಲ."

"ಮೆಥನಾಲ್ ಚೊಕ್ಕವೇ ಅಲ್ವಾ?" ಎಂದರು ನಾಗಪತಣ್ಣ.

"ಚೊಕ್ಕವೇ. ಆದ್ರೆ ಒಳಗೆ ಬಫರ್ ಇತ್ತು. ಅದು ಉಪ್ಪಿನ ನೀರು. ಉಪ್ಪು ಮೆಥನಾಲಿನಲ್ಲಿ ಕರಗೋದಿಲ್ಲ, ಹರಳಾಗ್ತದೆ. ಅದರ ಮೇಲೆ ಎರಡು ದಿನ ಕರೆಂಟು ತೆಗೆದು ಇಟ್ಟಾಯ್ತು."

ಕರೆಂಟು ತೆಗೆಸಿದ್ದು ನಾಗಪತಣ್ಣ. ನವಮಿಯ ದಿನ ಪೂಜೆಗೆ ಇಟ್ಟ ತಕ್ಕಡಿಯನ್ನೂ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ದಶಮಿ ಕಳೆಯುವವರೆಗೆ ಕತ್ತಿಗೂ ರಜೆ. ಮಷಿನ್ನಿಗೂ ಹಾಗೆಯೇ ಎಂದು ಅವರು ಮೈನ್ ಸ್ವಿಚ್ಚನ್ನೇ ಇಳಿಸಿ ಅದಕ್ಕೂ ಗಂಧ ಹಚ್ಚಿದ್ದರು. ಈಗ ಅವರು ಗಂಧದ ಬೊಟ್ಟನ್ನೊಮ್ಮೆ ನೋಡಿ, ಆಫೀಸಿಗೆ ಹೋಗಿ, ಒಂದು ಸ್ಪ್ಯಾನರು ಮತ್ತು ತೆಳ್ಳನೆಯ ತಂತಿ ತಂದರು.

"ಔಷಧಿ ಹೊಡೆಯೋ ಪಂಪಿನ ನಾಜಲ್ ಕಟ್ಟಿದ್ರೆ ನಾವೆಂತ ಮಾಡೂದು? ಬಿಚ್ಚಿ, ತಂತಿ ಹಾಕಿ, ಬಾಯಲ್ಲಿ ಊದೂದು. ಎರಡು ನಿಮಿಷದ ಕೆಲಸ. ಕೊಡು ಇಲ್ಲಿ."

ಅವರು ಕಾಲಂ ಎತ್ತಿಕೊಂಡು ತುದಿಗೆ ಸ್ಪ್ಯಾನರು ಕೂರಿಸಿಯೇಬಿಟ್ಟರು. ನವೀನಣ್ಣ ತಲೆ ತಗ್ಗಿಸಿ ಕೂತಿದ್ದ. ಬಿಚ್ಚಿದರೆ ಒತ್ತಿ ತುಂಬಿದ ಪುಡಿ ಉಬ್ಬಿ ಹೊರಬರುತ್ತದೆ, ಆಮೇಲೆ ಯಾರಿಂದಲೂ ತುಂಬಲು ಆಗುವುದಿಲ್ಲ ಎಂದು ರಕ್ಷಿತಕ್ಕ ಹೇಳಿದ್ದಳು. ಅವನಿಗೂ ಗೊತ್ತಿತ್ತು. ಹೇಳುವ ಧೈರ್ಯ ಆ ಗಳಿಗೆಯಲ್ಲಿ ಇರಲಿಲ್ಲ, ಅಷ್ಟೆ.

ನಾನು ಹೋಗಿ ನಾಗಪತಣ್ಣನ ಕೈಯ ಮೇಲೆ ಕೈ ಇಟ್ಟೆ.

"ಬೇಡ ನಾಗಪತಣ್ಣ. ರಕ್ಷಿತಕ್ಕನ ಕೇಳ್ವ."

ಅವರು ನನ್ನ ಮುಖ ನೋಡಿದರು. ನಾನು ಅವರ ಎದುರು ಅಷ್ಟು ಮಾತಾಡಿದ್ದೇ ಮೊದಲು ಇರಬೇಕು. ಸ್ಪ್ಯಾನರು ಬಿಟ್ಟರು.

ಫೋನು ಎತ್ತಿದ್ದು ರಕ್ಷಿತಕ್ಕನ ತಾಯಿ. "ಬಾಣಂತಿ ಫೋನು ಹಿಡ್ಕಂಡ್ರೆ ಕಿವಿಗೆ ಗಾಳಿ ಹೋಗ್ತದೆ. ಮೂರು ತಿಂಗಳು ಕಳೀಲಿ, ಆಮೇಲೆ ಮಾಡಿ" ಎಂದರು. ಹಿಂದಿನಿಂದ ರಕ್ಷಿತಕ್ಕನ ದನಿ, "ಸ್ಪೀಕರಿಗೆ ಹಾಕು ಅಮ್ಮ, ಕಿವಿಗೆ ಇಡೂದಿಲ್ಲ" ಎಂದಿತು. ಮಗು ಅಳುವುದೂ ಕೇಳಿಸಿತು.

ನವೀನಣ್ಣ ನಡೆದದ್ದನ್ನು ಮುಚ್ಚಿಡದೆ ಹೇಳಿದ. ರಕ್ಷಿತಕ್ಕ ಬೈಯಲಿಲ್ಲ.

"ಕಾಲಂ ಸತ್ತಿಲ್ಲ. ಉಪ್ಪು ತಾನೇ, ನೀರಿಗೆ ಕರಗ್ತದೆ. ಕೇಳಿ ಇಬ್ರೂ. ಕಾಲಂ ಮೇಲೆ ಬಾಣದ ಗುರುತು ಅದೆಯಲ್ಲ? ಅದನ್ನ ತಿರುವುಮುರುವು ಜೋಡಿಸಿ. ಹೋದ ದಾರೀಲೇ ಕಸ ವಾಪಸು ಬರ್ಲಿ. ಆಚೆ ತುದಿ ಡಿಟೆಕ್ಟರಿಗೆ ಹಾಕ್ಬೇಡಿ, ಬೀಕರಿಗೆ ಬಿಡಿ. ಸೋಸಿದ ನೀರು ತಗೊಳ್ಳಿ, ನೂರಕ್ಕೆ ಐದು ಪಾಲು ಮೆಥನಾಲ್ ಸೇರಿಸಿ. ಬರೇ ನೀರು ಬೇಡ, ಒಳಗಿನ ಪುಡಿ ನೀರು ಬಿಟ್ಟುಕೊಡ್ತದೆ, ಮತ್ತೆ ನೆನೆಯೂದಿಲ್ಲ. ಹೆಚ್ಚು ಮೆಥನಾಲೂ ಬೇಡ, ಗೊತ್ತಾಯ್ತಲ್ಲ. ಮತ್ತೆ ತೀರಾ ನಿಧಾನ. ನಿಮಿಷಕ್ಕೆ ಒಂದೆರಡು ಹನಿ."

"ಬಿಸಿ ಮಾಡ್ಬಹುದಾ?" ಎಂದ ನವೀನಣ್ಣ. "ಕಾಲಂ ಇಡೋ ಓವನ್ ಕೆಟ್ಟಿದೆ."

"ಬಟ್ಟೆ ಬಿಸಿನೀರಲ್ಲಿ ಅದ್ದಿ ಕಾಲಮಿಗೆ ಸುತ್ತಿ. ಕೈ ತಾಳೋ ಅಷ್ಟೇ ಬಿಸಿ. ಇಲ್ಲಿ ಅಮ್ಮ ನಂಗೆ ದಿನಾ ಎರೀತಾಳಲ್ಲ, ಅಷ್ಟು ಬಿಸಿ ಮಾತ್ರ ಬೇಡ, ಪಾಪ ಅದು ಸುಟ್ಟೇ ಹೋಗ್ತದೆ."

"ನೋಡು ಇವಳ ಬಾಯಿ" ಎಂದರು ತಾಯಿ.

"ದೇವಿ ಅದಾಳಾ? ದೇವೀ, ಪ್ರೆಶರ್ ಇಳಿಯೂಕೆ ಮುಂಚೆ ಯಾರು ಹೇಳಿದ್ರೂ ಪಂಪು ಜೋರು ಮಾಡ್ಬೇಡ. ಯಾರು ಹೇಳಿದ್ರೂ." ನಾನು ಬಾಗಿ "ಹೂಂ" ಎನ್ನುವಷ್ಟರಲ್ಲಿ ಮಗುವಿನ ಅಳು ಜೋರಾಯಿತು, ಫೋನು ಕಟ್ಟಾಯಿತು.

ಹೊಸ ಕಾಲಂ ತರಿಸಲು ವಾರಗಳೇ ಬೇಕು. ನವೀನಣ್ಣ ತಾನು ಓದಿದ ಹುಬ್ಬಳ್ಳಿಯ ಕಾಲೇಜಿನಲ್ಲಿ ಅಂಥದೇ ಒಂದು ಇದೆ, ಎರಡು ದಿನದ ಮಟ್ಟಿಗೆ ಕೇಳಿ ತರುತ್ತೇನೆ ಎಂದ. ಎಲ್ಲವನ್ನೂ ಜೋಡಿಸಿ, ಪಂಪು ಶುರು ಮಾಡಿ ಕೊಟ್ಟು ಬಸ್ಸಿಗೆ ಹೋದ. ಇಲ್ಲಿ ಮಾಡುವುದೇನಿದ್ದರೂ ಕಾಯುವ ಕೆಲಸ. ಅದಕ್ಕೆ ನಾನೊಬ್ಬಳು ಸಾಕು.

ಬೀಕರನ್ನು ಅಡಿಗೆ ಇಟ್ಟು ಎದುರಿಗೆ ಕೂತೆ. ಅತಿ ನಿಧಾನದ ಓಟಕ್ಕೂ ಅಂಕಿ ಇನ್ನೂರೆಂಬತ್ತು ತೋರಿಸುತ್ತಿತ್ತು. ಕೊಳವೆಯ ತುದಿಯಲ್ಲಿ ಹನಿ ಕಟ್ಟಲಿಲ್ಲ. ಒದ್ದೆ ಬಟ್ಟೆ ಆರಿತು, ಮತ್ತೆ ಬಿಸಿ ಮಾಡಿ ಸುತ್ತಿದೆ. ಅದೂ ಆರಿತು. ಲ್ಯಾಬಿನ ಸ್ಟೌ ಹತ್ತಿರವೇ ಪಾತ್ರೆ ಇಟ್ಟುಕೊಂಡೆ. ಬಟ್ಟೆ ಹಿಂಡುವಾಗ ನೀರು ತುದಿಯ ಜೋಡಣೆಗೆ ತಾಗದ ಹಾಗೆ ನೋಡಬೇಕಿತ್ತು. ಸೋರಿಕೆ ಇದ್ದರೆ ಬಟ್ಟೆಯ ನೀರು ಯಾವುದು, ಕಾಲಂ ನೀರು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೆ ಎರಡೂ ತುದಿಗೆ ಒಣ ಕಾಗದದ ಚೂರು ಸುತ್ತಿದೆ. ಕಾಗದ ಒಣಗಿಯೇ ಇತ್ತು.

ಆಮೇಲೆ ಒಂದು ಹನಿ ಕಂಡಿತು. ಸಾಸಿವೆಯಷ್ಟು. ಅದು ದೊಡ್ಡದಾಗಿ ಬೀಳಲು ಬಹಳ ಹೊತ್ತು ಹಿಡಿಯಿತು. ಬೀಳುವಾಗ ಸದ್ದು ಕೇಳಿಸಿತು.

ನಾಗಪತಣ್ಣ ಆಗಾಗ ಇಣುಕುತ್ತಿದ್ದರು.

"ಬಂತಾ?"

"ಬರ್ತಾ ಅದೆ."

"ಇದೆಂತ ಬರೂದು ತಂಗಿ, ನಮ್ಮ ಅಜ್ಜನ ಮೂಗು ಇದಕ್ಕಿಂತ ಜೋರು ಸೋರ್ತಿತ್ತು. ಸ್ವಲ್ಪ ಏರಿಸು. ಒತ್ತಡ ಕೊಟ್ರೆ ಉಪ್ಪೇ ಕಿತ್ಕಂಡು ಹೋಗ್ತದೆ."

"ಇಲ್ಲ."

"ಸ್ವಲ್ಪ ಏರ್ಸೇ."

"ಪುಡಿ ಕುಸೀತದೆ. ರಕ್ಷಿತಕ್ಕ ಬೇಡ ಅಂದದೆ."

"ರಕ್ಷಿತಕ್ಕನಿಗೆ ಲಾರಿ ಬರೂದು ಗೊತ್ತದೆಯಾ?"

ನಾನು ಗುಂಡಿಯ ಮುಂದಿನಿಂದ ಏಳಲಿಲ್ಲ. ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದೆ. ಮಧ್ಯಾಹ್ನ ಕಳೆದು ಅಂಕಿ ಇನ್ನೂರೆಪ್ಪತ್ತಕ್ಕೆ ಇಳಿಯಿತು, ಅಲ್ಲೇ ನಿಂತಿತು. ಎಷ್ಟು ಹೊತ್ತಾದರೂ ಅಲ್ಲೇ. ನನಗೆ ಅಳು ಬರುವ ಹಾಗಾಯಿತು. ಬಟ್ಟೆ ಬದಲಾಯಿಸುವುದೊಂದೇ ಕೈಯಲ್ಲಿದ್ದ ಕೆಲಸ, ಅದನ್ನೇ ಮಾಡಿದೆ. ಬಿಸಿ ಹೋಗುವ ಮೊದಲೇ ಬದಲಾಯಿಸತೊಡಗಿದೆ, ಉಕ್ಕು ತಣಿಯಲು ಬಿಡಲಿಲ್ಲ. ಸಂಜೆ ಪಕ್ಕದ ಗಿರಣಿಯ ಸದ್ದು ನಿಂತ ಹೊತ್ತಿಗೆ ಅಂಕಿ ಒಮ್ಮೆಲೇ ಇನ್ನೂರಕ್ಕೆ ಬಿತ್ತು. ಬೀಕರಿನಲ್ಲಿ ಹನಿಗಳು ಒಂದರ ಬೆನ್ನಿಗೆ ಒಂದು ಬಿದ್ದವು. ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ತೆಗೆದುಕೊಂಡು ಸ್ಟೌ ಮೇಲೆ ಹಿಡಿದು ಒಣಗಿಸಿದೆ. ಬಿಳಿ ಕಲೆ ಉಳಿಯಿತು. ಉಪ್ಪು ಹೊರಗೆ ಬರುತ್ತಿತ್ತು.

ರಾತ್ರಿ ಪಂಪು ನಿಲ್ಲಿಸುವಂತಿರಲಿಲ್ಲ. ನಾಗಪತಣ್ಣ ತಾವೇ ಆಫೀಸಿನಲ್ಲಿ ಮಲಗುವುದಾಗಿ ಹೇಳಿ ನನ್ನನ್ನು ಶಿರಸಿಯಲ್ಲೇ ಇರುವ ಸೋದರತ್ತೆಯ ಮನೆಗೆ ಕಳಿಸಿದರು. ಶನಿವಾರ ಬೆಳಿಗ್ಗೆ ಬಂದಾಗ ಅವರ ಕಣ್ಣು ಊದಿತ್ತು. "ನಿನ್ನ ಮಷಿನ್ನಿನ ಟಿಕ್ ಟಿಕ್‌ಗೆ ನಿದ್ದೆ ಬಂದ್ರೆ ಕೇಳು. ಬಿಸಿಬಟ್ಟೆ ಎರಡು ಸಲ ನಾನೂ ಸುತ್ತಿದ್ದೆ" ಎಂದರು. ಅಂಕಿ ನೂರರ ಕೆಳಗಿತ್ತು.

ಆಮೇಲೆ ಓಟವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆ. ಪ್ರತಿ ಸಲವೂ ಅಂಕಿ ಏರಿ ನಿಂತ ಮೇಲೆಯೇ ಮುಂದಿನದು. ನೀರಿನಲ್ಲಿ ಮೆಥನಾಲಿನ ಪಾಲನ್ನೂ ಮೆಲ್ಲನೆ ಏರಿಸಿ, ಉಪ್ಪಾಗೆಯ ಅಂಟು ಉಳಿದಿದ್ದರೆ ಅದೂ ಹೋಗಲೆಂದು ಬಿಟ್ಟು, ಮತ್ತೆ ಮೆಲ್ಲನೆ ನೀರಿಗೆ ತಂದೆ. ಕಾಲಮನ್ನು ಬಾಣದ ದಿಕ್ಕಿಗೆ ತಿರುಗಿಸಿ ಜೋಡಿಸಿದೆ. ಬಫರ್ ಹೊಸದಾಗಿ ಮಾಡಿ, ಎರಡು ಸಲ ಸೋಸಿ ಬಿಟ್ಟೆ.

ಅಷ್ಟರಲ್ಲಿ ಅವ್ವ ಬಂದಳು. ಅವಳು ಹೆಗ್ಗರಣೆಯಿಂದ ಬೆಳಗಿನ ಬಸ್ಸಿಗೆ ಹೊರಟಿದ್ದಳು. ಬಂದವಳೇ ಲ್ಯಾಬಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು, ಒಳಗೆ ಬಾರದೆ ನಿಂತಳು.

"ನಾಗಪತಿ ಫೋನು ಮಾಡಿ ಹೇಳ್ದ. ಸತ್ತದೆಯಾ, ಬದುಕ್ತದೆಯಾ?"

"ಬದುಕ್ತದೆ."

"ಊರಲ್ಲಿ ಆಗ್ಲೇ ಮಾತು ಶುರುವಾಗ್ಯದೆ. ದ್ಯಾವಮ್ಮನ ಉಪ್ಪಾಗೆ ನೋಡಿ ಮಷಿನ್ನಿಗೇ ಹುಳಿ ಹತ್ತಿ ಹಲ್ಲು ಕಟ್ಟಿತಂತೆ ಅಂತ ಸೋಮ ಬಸ್ ಸ್ಟ್ಯಾಂಡಲ್ಲಿ ಹೇಳ್ತಾ ಇದ್ದ. ಎಲ್ಲ ನಕ್ರು. ನಾನೂ ನಕ್ಕೆ. ಎಂತ ಮಾಡೂದು?"

ಅವಳು ನಗುತ್ತಿರಲಿಲ್ಲ. ಕೈಯಲ್ಲಿದ್ದ ಚೀಲದ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಲಾರಿ ಬಂದಾಗ ಊಟದ ಹೊತ್ತು. ಮಧುಕೇಶ್ವರ ಎತ್ತರದ ಮನುಷ್ಯ, ಹಣೆಗೆ ವಿಭೂತಿ, ಶರಟಿನ ಕಿಸೆಯಲ್ಲಿ ಎರಡು ಫೋನು. ಅವನ ಹಿಂದೆಯೇ ನವೀನಣ್ಣನೂ ಬಂದ, ಬರಿಗೈಯಲ್ಲಿ. ದಸರಾ ರಜೆ ಎಂದು ಕಾಲೇಜಿನ ಲ್ಯಾಬಿಗೆ ಬೀಗ ಹಾಕಿತ್ತು. ಬೀಗದ ಕೈ ಇದ್ದ ಮೇಷ್ಟ್ರು ಧರ್ಮಸ್ಥಳಕ್ಕೆ ಹೋಗಿದ್ದರು. ಅವನು ನೇರವಾಗಿ ಪರದೆಯ ಹತ್ತಿರ ಹೋಗಿ ಪ್ರೆಶರ್ ನೋಡಿದ. ನೂರೈವತ್ತು. ಮುಖ ಸ್ವಲ್ಪ ಅರಳಿತು.

"ಬಂತಲ್ಲೇ ದೇವಿ!"

"ಮೊದಲಿಗಿಂತ ಜಾಸ್ತಿಯೇ ಅದೆ" ಎಂದೆ.

"ಪರವಾಗಿಲ್ಲ, ಸ್ಟ್ಯಾಂಡರ್ಡ್ ಹಾಕಿ ನೋಡುವ."

ಸ್ಟ್ಯಾಂಡರ್ಡ್ ಎಂದರೆ ಎಷ್ಟು ಹುಳಿ ಇದೆಯೆಂದು ಮೊದಲೇ ಗೊತ್ತಿರುವ ದ್ರವ. ಅದನ್ನು ಓಡಿಸಿ, ಬಂದ ಪೀಕನ್ನು ಅಳತೆಗೋಲು ಮಾಡಿಕೊಂಡು ಮಾಲನ್ನು ಅಳೆಯಬೇಕು. ಎಲ್ಲರೂ ಪರದೆಯ ಮುಂದೆ ನಿಂತೆವು. ಅವ್ವ ಮಾತ್ರ ಹೊಸ್ತಿಲಲ್ಲಿ. ಗೆರೆ ನೆಟ್ಟಗೆ ಬಂತು, ಆಮೇಲೆ ಎದ್ದಿತು, ತುದಿ ಮುಟ್ಟಿತು, ಇಳಿಯಿತು.

"ಹಾಂ, ಬಂತ್ ನೋಡ್ರಿ ಗುಡ್ಡ!" ಎಂದ ಮಧುಕೇಶ್ವರ. "ಇನ್ನ ಮಾಲಿಂದು ಹಾಕ್ರಿ, ಕಾಗದಾ ಕೊಡ್ರಿ, ನಾ ಹೊಂಡ್ತೀನಿ. ಸಂಜಿಗೆ ಘಟ್ಟಾ ಇಳೀಬೇಕು."

ನಾನು ಗೆರೆಯನ್ನು ನೋಡಿದೆ. ಇಳಿಯುವ ಜಾಗದಲ್ಲಿ ಒಂದು ಸಣ್ಣ ಭುಜ ಇತ್ತು; ಬೆಟ್ಟದ ಪಕ್ಕಕ್ಕೆ ಒಂದು ದಿಣ್ಣೆ ಅಂಟಿಕೊಂಡ ಹಾಗೆ. ರಕ್ಷಿತಕ್ಕ ಇದ್ದಾಗ ನೂರಾರು ಪೀಕ್ ನೋಡಿದ್ದೇನೆ, ಇದರದು ಹೀಗಿರುತ್ತಿರಲಿಲ್ಲ. ನವೀನಣ್ಣನೂ ಅದನ್ನೇ ನೋಡುತ್ತಿದ್ದ. ನಾನು ಅವನನ್ನು ನೋಡಿದೆ. ಅವನು ಕಣ್ಣು ತಪ್ಪಿಸಿದ.

"ಸಣ್ಣದೇ. ನಡೀತದೆ ಅನ್ನಿಸ್ತದೆ" ಎಂದ ಮೆಲ್ಲನೆ.

"ನಡೀತದೆ ಅಂದ್ಮೇಲೆ ಆಯ್ತಲ್ಲ" ಎಂದರು ನಾಗಪತಣ್ಣ. "ಹಾಕೇ ತಂಗಿ."

ಮಾಲಿನ ಸೀಸೆ ನನ್ನ ಕೈಯಲ್ಲಿತ್ತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಸೀಸೆಯನ್ನು ಸ್ಟ್ಯಾಂಡಿಗೆ ವಾಪಸು ಇಟ್ಟೆ.

"ಇನ್ನೂ ಆಗ್ಲಿಲ್ಲ" ಎಂದೆ.

"ಏನ್ ಆಗಿಲ್ರೀ?" ಎಂದ ಮಧುಕೇಶ್ವರ.

"ಕಾಲಂ. ಒಳಗೆ ಇನ್ನೂ ಉಪ್ಪು ಅದೆ. ಅಳತೆಗೋಲೇ ಡೊಂಕಾದ್ರೆ..." ಮಧುಕೇಶ್ವರನ ಕಡೆ ತಿರುಗಿ ಕೇಳಿದೆ. "ಕೇರಳದಲ್ಲಿ ನಿಮ್ಮ ಕಂಪನಿಯವರೂ ಮಷಿನ್ನಲ್ಲಿ ನೋಡ್ತಾರಲ್ಲ?"

"ನೋಡ್ತಾರ. ನೋಡ್ದ ಬಿಡ್ತಾರೇನು?"

"ಅವರಿಗೆ ಬೇರೆ ಬಂದ್ರೆ?"

ಮಧುಕೇಶ್ವರ ಒಂದು ಫೋನು ತೆಗೆದು ನೋಡಿ ಮತ್ತೆ ಕಿಸೆಗೆ ಹಾಕಿದ. "ಬ್ಯಾರೆ ಬಂದ್ರ ನನ್ನ ತಲಿ ಮ್ಯಾಲೆ ಬರ್ತೈತಿ ಮತ್ತ. ಆದ್ರ ನಾ ಎಷ್ಟೊತ್ತಂತ ಕಾಯ್ಲಿ ತಂಗಿ? ಲಾರಿ ಬಾಡಿಗಿದು."

ಅದಕ್ಕೆ ಉತ್ತರ ಹೊಸ್ತಿಲಿನಿಂದ ಬಂತು.

"ಊಟ ಆಯ್ತಾ ಸಾವ್ಕಾರ್ರೆ?" ಎಂದಳು ಅವ್ವ.

"ಇಲ್ರಿ ಯವ್ವಾ, ಹಾದ್ಯಾಗ ಮಾಡ್ತೀನಿ."

"ಹಾದೀಲೆಂತ ಮಾಡೂದು. ಅಕ್ಕಿರೊಟ್ಟಿ ತಂದಿದ್ದೆ, ಮೇಲೆ ಹಚ್ಚೂಕೆ ಉಪ್ಪಾಗೆ ತುಪ್ಪ. ಅದರ ಬೀಜದಿಂದ ನಾನೇ ಮಾಡಿದ್ದು. ನೀವು ಇಷ್ಟು ವರ್ಷ ಸಿಪ್ಪೆ ತಗಂಡು ಹೋದ್ರಿ, ಬೀಜದ ರುಚಿ ನೋಡಿರಾ?"

"ಇಲ್ಲ ಬಿಡ್ರಿ."

"ಅದೇ ನಿಮ್ಮ ತಪ್ಪು. ಬನ್ನಿ ಆಚೆ. ನಾಗಪತೀ, ಬಾಳೆಲೆ ತಾ. ಡ್ರೈವರನ್ನೂ ಕರಿ."

ಅವಳು ಹೊರಡುವ ಮೊದಲು ನನ್ನತ್ತ ತಿರುಗಿದಳು. "ಸರಿ ಆಗ್ತದೆಯಾ ಮಗಾ?" ಎಂದು ದನಿ ತಗ್ಗಿಸಿ ಕೇಳಿದಳು.

"ಆದ್ರೆ ಮಾತ್ರ ಹೇಳ್ತೆ."

"ಹಾಂ. ಇಲ್ಲದ್ದನ್ನ ಮಾತ್ರ ಬರ್ಕೊಡಬೇಡ. ನಾನು ಊರಲ್ಲಿ ಮುಖ ಎತ್ತಿ ತಿರುಗ್ಬೇಕು."

ನವೀನಣ್ಣ ಪೀಕಿನ ಚಿತ್ರ ತೆಗೆದು ರಕ್ಷಿತಕ್ಕನಿಗೆ ಕಳಿಸಿದ. ಉತ್ತರ ಬೇಗ ಬಂತು, ಪಿಸುದನಿಯ ಧ್ವನಿಸಂದೇಶ. ಮಗು ಮಲಗಿತ್ತು ಅನ್ನಿಸುತ್ತದೆ. "ಬಾಯಿಯ ಬಿಲ್ಲೆಯಲ್ಲಿ ಒಂದು ಕಡೆ ಇನ್ನೂ ಕಟ್ಟಿದೆ. ಅರ್ಧ ದಾರಿಯಲ್ಲಿ ಬೇಗ ಹೋಗ್ತದೆ, ಅರ್ಧ ದಾರಿಯಲ್ಲಿ ತಡ ಆಗ್ತದೆ, ಅದಕ್ಕೇ ಭುಜ. ಮತ್ತೊಂದು ಸಲ ತಿರುಗಿಸಿ, ಮತ್ತೆ ಬಿಸಿ ಕೊಡಿ. ಈ ಸಲ ಬಾಯಿ ಹತ್ತಿರ. ಅವಸರ ಮಾಡ್ಬೇಡಿ."

ನವೀನಣ್ಣ ಶರಟಿನ ತೋಳು ಮಡಚಿದ. "ನಾನು ನಡೀತದೆ ಅನ್ನಬಾರದಿತ್ತು" ಎಂದು ನನಗಲ್ಲ, ಕಾಲಮಿಗೆ ಹೇಳುವ ಹಾಗೆ ಹೇಳಿದ. ಒಳಗಿನ ಬಫರನ್ನು ನೀರು ಬಿಟ್ಟು ತೊಳೆದು, ಕಾಲಂ ಬಿಚ್ಚಿ, ತಿರುಗಿಸಿ ಕೊಟ್ಟ. ನಾನು ಬಟ್ಟೆಯನ್ನು ಮಡಚಿ ಬರೇ ಆ ಒಂದು ತುದಿಗೆ ಸುತ್ತಿದೆ. ಅವನು ನೀರು ಕಾಸಿ ಕೊಡುವುದು, ನಾನು ಹಿಂಡಿ ಸುತ್ತುವುದು. ನನ್ನ ಬೆರಳುಗಳು ಬೇಯಿಸಿದ ಹಾಗೆ ಬೆಳ್ಳಗೆ ಸುಕ್ಕಾದವು.

ಹೊರಗಿನಿಂದ ಅವ್ವನ ದನಿ ಕೇಳುತ್ತಲೇ ಇತ್ತು. ರೊಟ್ಟಿ ಮುಗಿದು ಮಾತು ಶುರುವಾಗಿತ್ತು. ಮಧುಕೇಶ್ವರನ ಮಗಳು ವಾಣಿಶ್ರೀಗೆ ಗಂಡು ನೋಡುತ್ತಿರುವುದು, ಡ್ರೈವರನ ಸೊಂಟ ನೋವು, ಬನವಾಸಿಯ ಕಡೆ ಅನಾನಸಿನ ತೋಟ ಎಷ್ಟು ಹಬ್ಬಿದೆ ಎಂಬುದು. ಅವ್ವನಿಗೆ ಗಂಡು ಹುಡುಕುವ ಕೆಲಸದಲ್ಲಿ ಯಾವ ಆಸಕ್ತಿಯೂ ಇಲ್ಲ. ಆದರೂ ಹುಡುಗನ ಎತ್ತರವನ್ನೂ ಕೇಳುತ್ತಿದ್ದಳು. ಲಾರಿಯ ಹಾರ್ನು ಒಮ್ಮೆ ಸದ್ದು ಮಾಡಿತು. "ಅದರ ಮೇಲೆ ಕೈ ಇಟ್ಟಿದ್ಯಾರು, ಇಳೀರಿ ಮಾರಾಯ್ರೆ, ಚಾ ಬರ್ತಾ ಅದೆ" ಎಂದು ಅವಳು ಗದರಿದ್ದು ಕೇಳಿಸಿತು.

ಅಂಕಿ ಇಳಿಯಿತು. ನವೀನಣ್ಣ ಓಟ ಏರಿಸಿದ. ಮೊದಲಿನಂತೆಯೇ ನೂರಿಪ್ಪತ್ತರ ಸುತ್ತ ನಿಂತಿತು. ಸರಿಯಾದ ದಿಕ್ಕಿಗೆ ಜೋಡಿಸಿ, ಬಫರ್ ಬಿಟ್ಟು, ಗೆರೆ ಅಲುಗಾಡದೆ ನೆಟ್ಟಗಾಗುವವರೆಗೆ ಕಾದೆವು. ಅವನಿಗೆ ಕಾಲು ನಿಲ್ಲುತ್ತಿರಲಿಲ್ಲ, ಕಿಟಕಿಗೂ ಪರದೆಗೂ ಓಡಾಡುತ್ತಿದ್ದ. ಸ್ಟ್ಯಾಂಡರ್ಡ್ ಹಾಕಿದೆ.

ಪೀಕ್ ಒಂದೇ ಗೆರೆಯಲ್ಲಿ ಎದ್ದು, ಒಂದೇ ಗೆರೆಯಲ್ಲಿ ಇಳಿಯಿತು. ಭುಜ ಇರಲಿಲ್ಲ.

"ಇನ್ನೊಂದು ಸಲ" ಎಂದೆ.

"ಹೌದು, ಇನ್ನೊಂದು ಸಲ" ಎಂದ ಅವನೂ.

ಎರಡನೆಯದು ಮೊದಲನೆಯದರ ಮೇಲೆಯೇ ಕೂತಿತು, ಒಂದರ ಅಂಚು ಇನ್ನೊಂದರ ಆಚೆ ಕಾಣದ ಹಾಗೆ. ಮೂರನೆಯದನ್ನೂ ನೋಡಿದೆವು. ಆಮೇಲೆ ಹೊಗೆಯ ಮಾಲು ಹಾಕಿದೆ, ಅದಾದ ಮೇಲೆ ಡ್ರೈಯರಿನ ಮಾಲು. ಅವ್ವನ ಸೀಸೆ ಸರಿಯಾಗಿ ಕೂತಿತೇ ಎಂದು ಎರಡು ಸಲ ನೋಡಿದೆ.

ಫಲಿತಾಂಶ ಬಂದಾಗ ನವೀನಣ್ಣ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ, ಕೈಯಲ್ಲಿ ಮತ್ತೊಮ್ಮೆ ಹಾಕಿದ. ಡ್ರೈಯರಿನ ಮಾಲಿನಲ್ಲಿ ಹುಳಿ ಕಮ್ಮಿಯಾಗಿರಲಿಲ್ಲ. ಹೊಗೆಯ ಮಾಲಿಗಿಂತ ಕೊಂಚ ಹೆಚ್ಚೇ ಇತ್ತು. ಬಹಳ ಅಲ್ಲ, ಕೊಂಚ. ಮೊದಲಿನ ಡೊಂಕು ಪೀಕಿನಿಂದ ಅಳೆದಿದ್ದರೆ ಎಷ್ಟು ಬರುತ್ತಿತ್ತು ಎಂದು ಅವನು ಕುತೂಹಲಕ್ಕೆ ಹಾಕಿ ನೋಡಿದ. ಎಲ್ಲಿಯೂ ಕಂಡುಕೇಳದಷ್ಟು ದೊಡ್ಡ ಅಂಕಿ ಬಂತು. ಅವನು ಆ ಕಾಗದವನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದ. ಸರಿಯಾದದ್ದಕ್ಕೆ ಸಹಿ ಮಾಡಿ ನನ್ನ ಕೈಗೆ ಕೊಟ್ಟ. "ನೀನೇ ಕೊಡು."

ನನಗೆ ಹೊರಗೆ ಹೋಗಿ ಕೊಡುವುದು ಕಾಲಮಿಗಿಂತ ಕಷ್ಟವಾಯಿತು. ಕಟ್ಟೆಯ ಮೇಲೆ ಎಲ್ಲರೂ ಚಹಾ ಕುಡಿಯುತ್ತಿದ್ದರು. ಕಾಗದವನ್ನು ಮಧುಕೇಶ್ವರನ ಎದುರು ಇಟ್ಟು ಪಕ್ಕಕ್ಕೆ ನಿಂತೆ. ಅವನು ಓದಿದ. ಅವ್ವನಿಗೆ ಓದಲು ಬರುವುದಿಲ್ಲ; ಅವಳು ಅವನ ಹುಬ್ಬನ್ನು ನೋಡುತ್ತಿದ್ದಳು.

"ಭಾಳ ಏನ್ ಹೆಚ್ಚಿಲ್ಲ ಇದು" ಎಂದ ಅವನು.

"ಕಮ್ಮಿ ಇದೆಯಾ?" ಎಂದಳು ಅವ್ವ.

"ಕಮ್ಮಿ ಇಲ್ರಿ. ಸ್ವಲ್ಪ ಹೆಚ್ಚೇ ಐತಿ."

"ಮತ್ತೆ?"

"ಮತ್ತೇನ್ರಿ, ಹೇಳಿದ ಮಾತು ಮಾತು. ಬ್ಯಾರೆ ಲಾಟು ಮಾಡ್ತೀನಿ. ಹೊಗಿ ವಾಸ್ನಿ ಇಲ್ಲಲ್ಲ, ಕಂಪನಿಯಾವ್ರು ಕೇಳಾಕತ್ತಿದ್ದೂ ಹೌದು." ಅವನು ಎದ್ದ. "ಆದ್ರ ಯವ್ವಾ, ಮುಂದಿನ ವರ್ಷ ನೀವು ಆ ತುಪ್ಪಾನೂ ಕೊಡಬೇಕು."

"ಅದನ್ನ ಮುಂದಿನ ವರ್ಷ ಮಾತಾಡ್ವ" ಎಂದಳು ಅವ್ವ. ಅವಳ ದನಿ ಸ್ವಲ್ಪ ಒಡೆದಿತ್ತು. ಫೋನು ತೆಗೆದು ಊರಿನ ಗುಂಪಿನ ಮಂಜಿಯ ನಂಬರು ಒತ್ತಿಸಿಕೊಂಡಳು. "ಮಂಜೀ, ಕೇಳ್ತಾ? ಕಮ್ಮಿ ಬಂದಿಲ್ಲ. ಹೌದೇ, ಮಷಿನ್ನೇ ಹೇಳಿತು. ಬಸ್ ಸ್ಟ್ಯಾಂಡಿಗೆ ಹೋಗಿ 'ದ್ಯಾವಮ್ಮ ನಾಳೆ ಬರ್ತದೆ, ಆ ಮಾತನ್ನ ಎದುರಿಗೇ ಹೇಳು' ಅಂತ ಸೋಮಂಗೆ ಹೇಳು. ಬೇರೆ ಎಂತದೂ ಬೇಡ."

ಹಮಾಲರು ಗೋದಾಮಿನ ಬಾಗಿಲು ತೆರೆದರು. ಹೊಗೆಯ ಮಾಲಿನ ಮೂಟೆಗಳು ಮೊದಲು ಹೋದವು. ಅವ್ವ ಸೆರಗು ಸಿಕ್ಕಿಸಿಕೊಂಡು ಲಾರಿಯ ಚಕ್ರದ ಮೇಲೆ ಕಾಲಿಟ್ಟು, ಪಕ್ಕದ ಹಲಗೆ ಹಿಡಿದು ಮೇಲೆ ಹತ್ತಿಯೇಬಿಟ್ಟಳು. ನಡುವೆ ತಾಡಪಾಲು ಹಾಸಿಸಿದಳು. ಅದರ ಈಚೆಗೆ ಹೆಗ್ಗರಣೆಯ ಮೂಟೆಗಳನ್ನು ಒಂದೊಂದಾಗಿ ತಾನೇ ನಿಲ್ಲಿಸಿಕೊಂಡಳು.

"ಅಲ್ಲಿಗಲ್ಲ, ಇತ್ಲಾಗೆ. ಇದರ ಮೇಲೆ ಅದನ್ನ ಹಾಕಿದ್ರೆ ನೋಡು ಮತ್ತೆ."

"ಹಾಕೂದಿಲ್ಲ ಅಮ್ಮ, ಇಳೀರಿ ನೀವು" ಎಂದ ಹಮಾಲ.

"ಹಗ್ಗ ಕಟ್ಟಿ. ಕಟ್ಟಿದ ಮೇಲೆ ಇಳೀತೆ."

ಕಟ್ಟಿದ ಮೇಲೆಯೇ ಇಳಿದಳು.